ವೈಫೈ ಕೈಕೊಟ್ಟರೆ ಮೊದಲು ಟಿವಿ ಹಿಂದೆ ನೋಡಿ

ಹಾಸನದ ನಮ್ಮ ಮನೆಯಲ್ಲಿ ಹೋದ ಬೇಸಿಗೆ ಪೂರ್ತಿ ಒಂದೇ ರಗಳೆ. ಬೆಳಿಗ್ಗೆಯಿಂದ ಸಂಜೆವರೆಗೆ ವೈಫೈ ಚೆನ್ನಾಗಿಯೇ ಇರುತ್ತಿತ್ತು. ರಾತ್ರಿ ಎಂಟಾಯಿತು ಅಂದರೆ ಸಾಕು, ಫೋನಿನಲ್ಲಿ ವಾಟ್ಸಾಪ್ ಫೋಟೋ ಕೂಡ ತೆರೆಯುತ್ತಿರಲಿಲ್ಲ. ಸಿಗ್ನಲ್ ಗುರುತು ಮಾತ್ರ ಫುಲ್! ಇಂಟರ್ನೆಟ್ ಹುಡುಗನಿಗೆ ಮೂರು ಸಲ ಫೋನ್ ಮಾಡಿದೆ. ಅವನು ಬರುತ್ತಿದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ, ಆಗ ಎಲ್ಲ ಸರಿ ಇರುತ್ತಿತ್ತು. 'ಏನೂ ಪ್ರಾಬ್ಲಂ ಇಲ್ವಲ್ಲ ಸಾರ್' ಅಂತ ರೂಟರನ್ನು ಒಮ್ಮೆ ಆಫ್ ಆನ್ ಮಾಡಿ ಹೊರಟುಬಿಡುತ್ತಿದ್ದ. ಹಾಸನಾಂಬೆ ವರ್ಷಕ್ಕೊಮ್ಮೆಯಾದರೂ ಬಾಗಿಲು ತೆಗೆಯುತ್ತಾಳೆ, ನಿನ್ನ ಇಂಟರ್ನೆಟ್ ಅದನ್ನೂ ಮಾಡಲ್ಲ ಅಂತ ತಂಗಿ ರೇಗಿಸುತ್ತಿದ್ದಳು.

ಗುಟ್ಟು ಬಿಟ್ಟುಕೊಟ್ಟಿದ್ದು ಗುಡುಗು. ಏಪ್ರಿಲ್‌ನ ಒಂದು ಸಂಜೆ ಜೋರು ಮಳೆ, ಸಿಡಿಲು. ಅಮ್ಮ ಎಂದಿನ ಹಾಗೆ ಟಿವಿ ಪ್ಲಗ್ಗು, ಪಕ್ಕದಲ್ಲಿದ್ದ ಸ್ಟ್ರೀಮಿಂಗ್ ಸ್ಟಿಕ್‌ನ (ಟಿವಿಗೆ ಚುಚ್ಚಿ ಇಂಟರ್ನೆಟ್‌ನಿಂದ ಸಿನಿಮಾ, ಮ್ಯಾಚ್ ನೋಡುವ ಸಾಧನ) ಪ್ಲಗ್ಗು ಎರಡನ್ನೂ ಕಿತ್ತಿಟ್ಟರು. ರೂಟರ್ ಒಳಗಿನ ರೂಮಿನಲ್ಲಿ ಪುಟ್ಟ ಯುಪಿಎಸ್ ಮೇಲಿದ್ದದ್ದರಿಂದ ಅವರ ಕಣ್ಣಿಗೆ ಬೀಳಲಿಲ್ಲ. ಅವತ್ತು ಕರೆಂಟ್ ಎರಡು ಸಲ ಹೋಗಿ ಬಂತು. ಅಪ್ಪನ ಐಪಿಎಲ್ ಮ್ಯಾಚ್ ಹಾಳಾಯಿತು. ಆದರೆ ವೈಫೈ ಮಾತ್ರ, ಎಷ್ಟೋ ವಾರದ ನಂತರ, ರಾತ್ರಿ ಹನ್ನೊಂದರವರೆಗೂ ಬೆಣ್ಣೆ ಹಾಗೆ ಓಡಿತು. ಆಗ ತಲೆಗೆ ಹೊಳೆಯಿತು. ತಪ್ಪು ಲೈನಿನದ್ದಲ್ಲ, ರೂಟರಿನದ್ದೂ ಅಲ್ಲ. ಟಿವಿ ಹಿಂದೆ ನೇತಾಡುತ್ತಿರುವ ಹೆಬ್ಬೆರಳಿನಷ್ಟು ಗಾತ್ರದ ಆ ಸ್ಟಿಕ್‌ನದ್ದು.

ಆಮೇಲೆ ಎರಡು ವಾರ ಒಂದೊಂದೇ ಬದಲಾವಣೆ ಮಾಡಿ ನೋಡಿದೆ. ಸಕಲೇಶಪುರದ ಮಾವನ ಮನೆಯಲ್ಲೂ, ಚಿಕ್ಕಮಗಳೂರಿನ ಗೆಳೆಯನ ಮನೆಯಲ್ಲೂ ಇದೇ ಪ್ರಯೋಗ ನಡೆಯಿತು. ನಿಮ್ಮ ಮನೆಯಲ್ಲೂ ಹೀಗೇ ಆಗುತ್ತಿದ್ದರೆ ಈ ಕ್ರಮದಲ್ಲಿ ನೋಡುತ್ತಾ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮತ್ತೆ ಕೆಟ್ಟಾಗ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

1. ಒಂದು ಸಂಜೆ ಪ್ಲಗ್ ಕಿತ್ತು ನೋಡಿ

ರಿಮೋಟ್‌ನಲ್ಲಿ ಟಿವಿ ಆಫ್ ಮಾಡಿದರೆ ಸ್ಟಿಕ್ ಆಫ್ ಆಗುವುದಿಲ್ಲ. ಅದಕ್ಕೆ ಬೇರೆ ಅಡಾಪ್ಟರ್ ಇದ್ದರೆ ಅದು ಹಗಲು ರಾತ್ರಿ ಎಚ್ಚರವಾಗಿಯೇ ಇರುತ್ತದೆ. ಆ್ಯಪ್ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ, ಸ್ಕ್ರೀನ್‌ಸೇವರ್‌ಗೆ ಫೋಟೋ ತರಿಸಿಕೊಳ್ಳುತ್ತದೆ. ಹಾಗಾಗಿ ಗೋಡೆಯ ಸ್ವಿಚ್ಚನ್ನೇ ಆರಿಸಬೇಕು. ತೊಂದರೆ ಯಾವ ಹೊತ್ತಿಗೆ ಬರುತ್ತದೋ ಅದೇ ಹೊತ್ತಿಗೆ ಆರಿಸಿ. ಬೆಳಿಗ್ಗೆ ಪರೀಕ್ಷೆ ಮಾಡಿ ರಾತ್ರಿ ಕಾಯಿಲೆ ಹುಡುಕಿದರೆ ನಮ್ಮ ಇಂಟರ್ನೆಟ್ ಹುಡುಗನ ಕಥೆಯೇ ಆಗುತ್ತದೆ.

ಫೋನಿನಲ್ಲಿ ಯಾವುದಾದರೂ ಸ್ಪೀಡ್ ಟೆಸ್ಟ್ ತೆರೆಯಿರಿ. ರೂಟರ್ ಪಕ್ಕ ನಿಂತು ಮೂರು ಸಲ, ನೀವು ಮಾಮೂಲಿ ಕೂರುವ ಜಾಗದಲ್ಲಿ ಮೂರು ಸಲ ಓಡಿಸಿ. ಡೌನ್‌ಲೋಡ್, ಅಪ್‌ಲೋಡ್, ಪಿಂಗ್ (ಕಳಿಸಿದ್ದಕ್ಕೆ ಉತ್ತರ ಬರಲು ಹಿಡಿಯುವ ಹೊತ್ತು) ಮೂರನ್ನೂ ಬರೆದಿಡಿ. ಮರುದಿನ ಅದೇ ಹೊತ್ತಿಗೆ ಸ್ಟಿಕ್ ಹಾಕಿ, ಏನಾದರೂ ಪ್ಲೇ ಮಾಡಿ, ಮತ್ತೆ ಅದೇ ಪರೀಕ್ಷೆ ಮಾಡಿ. ನಾನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟಿದ್ದೆ. ಸ್ಟಿಕ್ ಇಲ್ಲದಾಗ 50 ಎಂಬಿಪಿಎಸ್ (ಇಂಟರ್ನೆಟ್ ವೇಗದ ಅಳತೆ) ಹತ್ತಿರ ಬರುತ್ತಿದ್ದ ಸ್ಪೀಡು, ಸ್ಟಿಕ್ ಓಡುವಾಗ 4, 6, 3 ಅಂತ ಬಂತು. ಮ್ಯಾಚಿಗೆ ಅಷ್ಟು ಬೇಕಾಗಿಯೇ ಇರಲಿಲ್ಲ, ಅದಕ್ಕೇ ಇದು ವಿಚಿತ್ರ ಅನ್ನಿಸಿದ್ದು.

ಸ್ಟಿಕ್ ತೆಗೆದರೂ ಹಾಗೇ ಇದ್ದರೆ ಅದು ನಿರಪರಾಧಿ. ಫೈಬರ್ ಡಬ್ಬಿಯಲ್ಲಿ 'LOS' ಅಂತ ಬರೆದಿರುವ ಕಡೆ ಕೆಂಪು ದೀಪ ಉರಿಯುತ್ತಿದ್ದರೆ ಅದು ಲೈನಿನ ತೊಂದರೆ. ಫೋನ್ ಮಾಡಿ, ಈ ಲೇಖನ ಇಲ್ಲಿಗೇ ಬಿಡಿ. ಫೋನು, ಲ್ಯಾಪ್‌ಟಾಪ್ ಎಲ್ಲ ಚೆನ್ನಾಗಿದ್ದು ಟಿವಿಯಲ್ಲಿ ಮಾತ್ರ ಚಕ್ರ ಸುತ್ತುತ್ತಿದ್ದರೆ ಸ್ಟಿಕ್‌ಗೆ ಸಿಗ್ನಲ್ ಸಾಲುತ್ತಿಲ್ಲ ಅಂತ ಅರ್ಥ. ಸ್ಟಿಕ್ ಓಡುವಾಗ ಮನೆಯೆಲ್ಲ ನಿಧಾನವಾದರೂ ಹೆಚ್ಚಿನ ಸಲ ಮೂಲ ಅದೇ. ಹೇಗೆ ಅಂತ ಹೇಳುತ್ತೇನೆ.

2. ಪ್ಲಾನ್ ಜಾಸ್ತಿ ಮಾಡಿಸುವ ಮುಂಚೆ ಇದನ್ನು ಓದಿ

ಎಲ್ಲರೂ ಮೊದಲು ಮಾಡುವ ಕೆಲಸ ದೊಡ್ಡ ಪ್ಲಾನ್‌ಗೆ ಹೋಗುವುದು. ನಾನೂ ಮಾಡಿದೆ, ದುಡ್ಡು ದಂಡ. ಲೆಕ್ಕ ಹಾಕಿ ನೋಡಿ. ನೆಟ್‌ಫ್ಲಿಕ್ಸ್ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಇದ್ದರೆ ಸಾಕು ಅನ್ನುತ್ತದೆ. ನಿಮ್ಮದು 40 ಅಥವಾ 50ರ ಪ್ಲಾನ್ ಆದರೂ ಒಂದು ಟಿವಿ ಇಡೀ ಮನೆಯನ್ನು ಕಟ್ಟಿಹಾಕಬಾರದು, ಅಲ್ವಾ?

ವಿಷಯ ಏನಂದರೆ, ಫೈಬರ್‌ನಲ್ಲಿ ಬರುವ ಸ್ಪೀಡ್ ಬೇರೆ, ಮನೆಯ ಗಾಳಿಯಲ್ಲಿ ಹಂಚಿಹೋಗುವ ಹೊತ್ತು ಬೇರೆ. ವೈಫೈನಲ್ಲಿ ಒಂದು ಚಾನೆಲ್ಲಿನ (ರೇಡಿಯೋ ದಾರಿಯ) ಮೇಲೆ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಉಳಿದವರು ಸುಮ್ಮನಿದ್ದು ಕಾಯಬೇಕು. ಸಿಗ್ನಲ್ ಚೆನ್ನಾಗಿರುವ ಫೋನು ತನ್ನ ಕೆಲಸ ಸರಕ್ಕನೆ ಮುಗಿಸಿ ಜಾಗ ಬಿಡುತ್ತದೆ. ಸಿಗ್ನಲ್ ಕೆಟ್ಟಿರುವ ಸ್ಟಿಕ್‌ನೊಂದಿಗೆ ರೂಟರ್ ನಿಧಾನವಾಗಿ, ಬಿಡಿಸಿ ಬಿಡಿಸಿ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ವೈಫೈ ಬಳಸುವ ರೇಡಿಯೋ ಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದೇ ಆಂಟೆನಾದ ಸಾಧಾರಣ ಸಾಧನ ಸಿಗ್ನಲ್ ಚೆನ್ನಾಗಿದ್ದರೆ 65 ಎಂಬಿಪಿಎಸ್ ದರದಲ್ಲಿ ಮಾತಾಡುತ್ತದೆ, ತೀರಾ ಕೆಟ್ಟರೆ 6.5ಕ್ಕೆ ಇಳಿಯುತ್ತದೆ. ಅಂದರೆ ಅದೇ ವಿಡಿಯೋ ತುಂಡಿಗೆ ಹತ್ತು ಪಟ್ಟು ಹೊತ್ತು.

ಶಿರಾಡಿ ಘಾಟಿ ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮುಂದೆ ಒಂದು ಲೋಡ್ ಲಾರಿ ಫಸ್ಟ್ ಗೇರ್‌ನಲ್ಲಿ ಏದುಸಿರು ಬಿಡುತ್ತಾ ಹೋಗುತ್ತಿದ್ದರೆ ಹಿಂದೆ ನಿಮ್ಮದು ಎಂಥಾ ಕಾರ್ ಆಗಿದ್ದರೇನು? ರಸ್ತೆ ಅಗಲ ಇಲ್ಲ, ಓವರ್‌ಟೇಕ್ ಇಲ್ಲ. ಟಿವಿ ಹಿಂದಿನ ಸ್ಟಿಕ್ ಆ ಲಾರಿ. ಪ್ಲಾನ್ ಜಾಸ್ತಿ ಮಾಡಿಸುವುದು ಅಂದರೆ ಹಿಂದೆ ನಿಂತವರಿಗೆ ಇನ್ನೂ ದೊಡ್ಡ ಇಂಜಿನ್ ಕೊಡಿಸಿದ ಹಾಗೆ. ರೂಟರ್ ಪಕ್ಕವೇ ಕೂತರೂ ಫೋನು ಯಾಕೆ ನಿಧಾನ ಅನ್ನುವ ಪ್ರಶ್ನೆಗೂ ಇದೇ ಉತ್ತರ. ಹಾಗಾಗಿ ಈಗ ಮಾಡಬೇಕಾದದ್ದು ಲಾರಿಗೆ ಬೇರೆ ದಾರಿ ಕೊಡುವುದು, ಇಲ್ಲವೇ ಅದರ ಕಾಲಿಗೆ ಬಲ ತುಂಬುವುದು.

3. ಸ್ಟಿಕ್‌ನ ಜಾಗ ಮತ್ತು ಅದರ ಊಟ

ಮೊದಲು ಸುಲಭದ್ದು, ಖರ್ಚಿಲ್ಲದ್ದು. ಸ್ಟಿಕ್ ನೇರವಾಗಿ ಟಿವಿಯ ಎಚ್‌ಡಿಎಂಐ ಕಿಂಡಿಗೆ ಚುಚ್ಚಿಕೊಂಡಿದೆಯಾ? ಹಾಗಿದ್ದರೆ ಅದು ಲೋಹದ ತಟ್ಟೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿದೆ. ಟಿವಿಯ ದೇಹವೇ ಸಿಗ್ನಲ್ ತಡೆಯುತ್ತದೆ. ಎಚ್‌ಡಿಎಂಐ ಕಿಂಡಿಯಿಂದಲೂ ಸ್ವಲ್ಪ ರೇಡಿಯೋ ಗಲಾಟೆ ಬರುತ್ತದೆ. ಸ್ಟಿಕ್ ಕೊಂಡಾಗ ಡಬ್ಬಿಯಲ್ಲಿ ಗೇಣುದ್ದಕ್ಕಿಂತ ಚಿಕ್ಕ ಒಂದು ಎಚ್‌ಡಿಎಂಐ ವೈರ್ ಬಂದಿರುತ್ತದೆ ನೋಡಿ. ಇದೇನು ಅಂತ ಎಲ್ಲರೂ ಡ್ರಾಯರ್‌ಗೆ ಎಸೆಯುತ್ತೇವೆ. ಅದು ಇರುವುದೇ ಇದಕ್ಕೆ. ಅದನ್ನು ಹಾಕಿ ಸ್ಟಿಕ್ಕನ್ನು ಟಿವಿ ಅಂಚಿನಿಂದ ಹೊರಗೆ ಇಣುಕುವ ಹಾಗೆ ಮಾಡಿ. ನಮ್ಮ ಮನೆಯಲ್ಲಿ ಅರ್ಧ ರೋಗ ಇಲ್ಲೇ ವಾಸಿಯಾಯಿತು. ಸ್ಟಿಕ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ 'ಪೂರ್' ಅಂತ ತೋರಿಸುತ್ತಿದ್ದದ್ದು 'ಗುಡ್' ಆಯಿತು.

ಇನ್ನೊಂದು ವಿದ್ಯುತ್ತು. ಅಡಾಪ್ಟರ್ ನೇತಾಡುವುದು ಚೆಂದ ಕಾಣಲ್ಲ ಅಂತ ಕೆಲವರು ಸ್ಟಿಕ್‌ನ ವೈರನ್ನು ಟಿವಿಯ ಯುಎಸ್‌ಬಿ ಕಿಂಡಿಗೆ ಹಾಕಿಬಿಡುತ್ತಾರೆ. ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆ್ಯಂಪ್ ಮಾತ್ರ. ಸ್ಟಿಕ್‌ನ ಅಡಾಪ್ಟರ್ ಮೇಲೆ 1 ಆ್ಯಂಪ್ ಅಥವಾ ಅದಕ್ಕಿಂತ ಜಾಸ್ತಿ ಬರೆದಿರುತ್ತದೆ. ಹೊಟ್ಟೆಗೆ ಅರ್ಧ ಹಾಕಿದರೆ ಅದು ಮೆನು ತೋರಿಸುವವರೆಗೆ ಸುಮ್ಮನಿದ್ದು, ವಿಡಿಯೋ ಶುರುವಾದ ಮೇಲೆ ವೈಫೈ ಬಿಡುತ್ತದೆ ಅಥವಾ ತಾನೇ ರೀಸ್ಟಾರ್ಟ್ ಆಗುತ್ತದೆ. ಅದರದ್ದೇ ಅಡಾಪ್ಟರ್ ಹಾಕಿ.

ರೂಟರ್ ಪಕ್ಕದಲ್ಲಿ, ಟಿವಿ ಪಕ್ಕದಲ್ಲಿ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಇದ್ದರೆ ಅದನ್ನೂ ದೂರ ಸರಿಸಿ. ಆ ಜಾತಿಯ ವೈರುಗಳು 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆ ಅಂತ ಇಂಟೆಲ್ ಕಂಪನಿಯೇ 2012ರಲ್ಲಿ ವಿವರವಾಗಿ ಬರೆದಿದೆ. ಮೈಕ್ರೋವೇವ್ ಒಲೆ, ಬ್ಲೂಟೂತ್ ಎಲ್ಲ ಅದೇ ಬೀದಿಯವೇ.

4. ಎರಡು ರಸ್ತೆ ಇದ್ದಾಗ ಒಂದರಲ್ಲೇ ಯಾಕೆ ಹೋಗಬೇಕು

ಈಗಿನ ಹೆಚ್ಚಿನ ರೂಟರ್‌ಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುತ್ತವೆ. ಎರಡಕ್ಕೂ ಒಂದೇ ಹೆಸರಿದ್ದರೆ ಸ್ಟಿಕ್ ಯಾವುದನ್ನು ಹಿಡಿದುಕೊಂಡಿದೆ ಅಂತ ತಿಳಿಯುವುದು ಕಷ್ಟ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹಾಕಿ ರೂಟರ್ ಪುಟಕ್ಕೆ ಹೋಗಿ. ಸರಿಯಾದ ವಿಳಾಸ, ಪಾಸ್‌ವರ್ಡ್ ರೂಟರ್‌ನ ಬೆನ್ನಿನ ಚೀಟಿಯಲ್ಲಿ ಇರುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಸ್ಟಿಕ್ಕನ್ನು 5ಕ್ಕೆ ಸೇರಿಸಿ, ಮತ್ತೆ ಅದು ಹಳೆಯದಕ್ಕೆ ಹೋಗದ ಹಾಗೆ 2.4ರ ಹೆಸರನ್ನು ಸ್ಟಿಕ್‌ನಲ್ಲಿ 'ಫರ್ಗೆಟ್' ಕೊಡಿ.

5ರ ಹೆಸರು ಸ್ಟಿಕ್‌ನಲ್ಲಿ ಕಾಣಿಸುತ್ತಲೇ ಇಲ್ಲವೇ? ಎರಡು ಕಾರಣ ಇರಬಹುದು. ಒಂದು, ಅದು ತುಂಬಾ ಹಳೆಯದು. 2013ರಲ್ಲಿ ಬಂದ ಗೂಗಲ್‌ನ ಮೊದಲ ಸ್ಟಿಕ್ ಕ್ರೋಮ್‌ಕಾಸ್ಟ್‌ಗೆ 2.4 ಬಿಟ್ಟು ಬೇರೆ ಗೊತ್ತೇ ಇಲ್ಲ. ಎರಡು, ರೂಟರ್ ತಾನಾಗಿಯೇ ನಡುವಿನ ಚಾನೆಲ್ ಹಿಡಿದಿದೆ. 52ರಿಂದ 144ರವರೆಗಿನ ಚಾನೆಲ್‌ಗಳು ರೇಡಾರ್‌ಗಳ ಜೊತೆ ಹಂಚಿಕೊಳ್ಳುವಂಥವು, ಎಲ್ಲ ಸ್ಟಿಕ್‌ಗಳೂ ಅವನ್ನು ನೋಡುವುದಿಲ್ಲ. ಆಟೋ ತೆಗೆದು 36, 40, 44, 48ರಲ್ಲಿ ಒಂದನ್ನು, ಇಲ್ಲವೇ 149 ಹಾಕಿ ನೋಡಿ.

ಒಂದು ಮಾತು. 5 ಗಿಗಾಹರ್ಟ್ಸ್ ಸ್ಪೀಡಿನಲ್ಲಿ ಶೂರ, ಗೋಡೆ ಕಂಡರೆ ಪುಕ್ಕಲ. ಸಕಲೇಶಪುರದ ಮಾವನ ಮನೆ ಹಳೇ ಕಾಲದ ತೊಟ್ಟಿ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ರೂಟರ್ ಇದ್ದದ್ದು ಹೊರಜಗಲಿಯ ಪಕ್ಕದ ಆಫೀಸು ರೂಮಿನಲ್ಲಿ, ಕಾಫಿ ಲೆಕ್ಕ ಬರೆಯುವ ಮೇಜಿನ ಮೇಲೆ. ಟಿವಿ ಎರಡು ಗೋಡೆ ದಾಟಿ ಒಳಗೆ. ಅಲ್ಲಿ 5 ಹಾಕಿದರೆ ಸಿಗ್ನಲ್ ನಡುಮನೆಗೇ ಸತ್ತುಹೋಗುತ್ತಿತ್ತು. ಅಂಥ ಮನೆಯಲ್ಲಿ 2.4ರಲ್ಲೇ ಇರಿ, ಆದರೆ ಚಾನೆಲ್ 1, 6, 11 ಈ ಮೂರರಲ್ಲಿ ಒಂದನ್ನೇ ಆರಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ. ಈ ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. 3 ಅಥವಾ 8 ಹಾಕಿದರೆ ಎರಡೂ ಕಡೆಯ ಪಕ್ಕದವರ ಜಗಳ ನಿಮ್ಮ ಮನೆಗೆ ಬರುತ್ತದೆ. ತೋಟದ ನಡುವಿನ ಮನೆಗೆ ಪಕ್ಕದವರ ಕಾಟ ಇಲ್ಲ ಅನ್ನಿ. ಹಾಸನದ ವಿದ್ಯಾನಗರದಂಥ ಕಡೆ ಫೋನಿನಲ್ಲಿ ವೈಫೈ ಪಟ್ಟಿ ತೆರೆದರೆ ಹತ್ತಾರು ಹೆಸರು ಸಾಲಾಗಿ ನಿಲ್ಲುತ್ತವೆ.

ಮಾವ ಆಗಲೇ ಒಂದು ಅಗ್ಗದ ರಿಪೀಟರ್ ತಂದು ಹಾಕಿದ್ದರು. ಅದು ಒಂದೇ ರೇಡಿಯೋದಲ್ಲಿ ಕೇಳಿ ಮತ್ತೆ ಅದನ್ನೇ ಹೇಳುವ ಯಂತ್ರ. ಸ್ಪೀಡ್ ಅರ್ಧಕ್ಕೆ ಇಳಿಯುತ್ತದೆ, ಗಾಳಿಯಲ್ಲಿ ಗಲಾಟೆ ಎರಡರಷ್ಟಾಗುತ್ತದೆ. ಕಿತ್ತು ಇಡಿಸಿದೆ.

5. ವೈರ್ ಎಳೆದರೆ ಮುಗಿಯಿತು

ನನ್ನನ್ನು ಕೇಳಿದರೆ ಇದೇ ಮೊದಲನೆಯ ಔಷಧಿ. ಮನೆಯವರಿಗೆ ಗೋಡೆಯ ಮೇಲೆ ವೈರ್ ಕಂಡರೆ ಆಗುವುದಿಲ್ಲ ಅಂತ ಐದನೆಯ ಜಾಗಕ್ಕೆ ಇಟ್ಟಿದ್ದೇನೆ. ಟಿವಿ ಒಂದೇ ಕಡೆ ಕೂತಿರುವ ವಸ್ತು, ಅದಕ್ಕೆ ಗಾಳಿಯಲ್ಲಿ ಇಂಟರ್ನೆಟ್ ಯಾಕೆ? ಹೆಚ್ಚಿನ ಸ್ಟಿಕ್‌ಗಳಿಗೆ ಪವರ್ ವೈರಿನ ನಡುವೆ ಸೇರಿಸುವ ಈಥರ್ನೆಟ್ ಅಡಾಪ್ಟರ್ ಸಿಗುತ್ತದೆ. ನಿಮ್ಮ ಸ್ಟಿಕ್‌ನ ಮಾಡೆಲ್‌ಗೆ ಹೊಂದುತ್ತದಾ ಅಂತ ಕೇಳಿ ತೆಗೆದುಕೊಳ್ಳಿ. ಇದರಲ್ಲಿ ಬಹಳಷ್ಟು 100 ಎಂಬಿಪಿಎಸ್‌ನವು. 'ಇಷ್ಟೇನಾ' ಅನ್ನಬೇಡಿ, 4ಕೆಗೆ ಬೇಕಾದದ್ದು 15 ಅಂತ ಆಗಲೇ ನೋಡಿದೆವು. ಕ್ಯಾಟ್ 5ಇ ಅನ್ನುವ ಸಾಧಾರಣ ನೆಟ್‌ವರ್ಕ್ ವೈರೇ ಧಾರಾಳ. ಅಂಗಡಿಯವನು ದುಬಾರಿಯದ್ದನ್ನು ಮುಂದೆ ಇಟ್ಟರೆ ನಕ್ಕು ಪಕ್ಕಕ್ಕೆ ಸರಿಸಿ.

ನಾನು ಬಿ.ಎಂ. ರಸ್ತೆಯ ಅಂಗಡಿಯಿಂದ 15 ಮೀಟರ್ ವೈರ್ ತಂದು ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಎಳೆದೆ. ಮಾವನ ಮನೆಯಲ್ಲಿ ಅಟ್ಟದ ಮೇಲಿನಿಂದ ಹೋಯಿತು, ಅಲ್ಲಿ ಇಲಿ ಕಡಿಯದ ಹಾಗೆ ಪ್ಲಾಸ್ಟಿಕ್ ಪೈಪಿನೊಳಗೆ. ಟಿವಿ ವೈರಿಗೆ ಹೋದ ಮೇಲೆ ಲಾರಿ ರಸ್ತೆಯಿಂದಲೇ ಇಳಿದ ಹಾಗೆ. ಉಳಿದ ಫೋನುಗಳಿಗೆ ಗಾಳಿ ಪೂರ್ತಿ ಖಾಲಿ.

ವೈರ್ ಹಾಕಿದ ಮೇಲೂ ಟಿವಿ ಓಡುವಾಗ ವಿಡಿಯೋ ಕಾಲ್ ಕಡಿದು ಕಡಿದು ಬರುತ್ತಿದ್ದರೆ ಆಗ ಲೈನ್ ನಿಜಕ್ಕೂ ತುಂಬುತ್ತಿದೆ. ಸ್ಟ್ರೀಮಿಂಗ್ ಆ್ಯಪ್‌ಗಳು ವಿಡಿಯೋವನ್ನು ಸಮನಾಗಿ ತರಿಸುವುದಿಲ್ಲ, ತುಂಡು ತುಂಡಾಗಿ ಒಮ್ಮೆಗೇ ಎಳೆದುಕೊಳ್ಳುತ್ತವೆ. ಎಳೆಯುವ ಆ ಹೊತ್ತಿಗೆ ಪಿಂಗ್ ಜಿಗಿಯುತ್ತದೆ. ರೂಟರ್‌ನಲ್ಲಿ 'ಕ್ಯೂಓಎಸ್' ಅಥವಾ 'ಬ್ಯಾಂಡ್‌ವಿಡ್ತ್ ಕಂಟ್ರೋಲ್' ಇದ್ದರೆ ಟಿವಿಗೆ 15ರಿಂದ 20ರ ಮಿತಿ ಹಾಕಿ. ಇಲ್ಲದಿದ್ದರೆ ಆ್ಯಪ್‌ನಲ್ಲೇ ಕ್ವಾಲಿಟಿ ಇಳಿಸಿ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಅಂದರೆ ಗಂಟೆಗೆ 7 ಜಿಬಿವರೆಗೆ, ಎಚ್‌ಡಿ ಅಂದರೆ 3 ಜಿಬಿವರೆಗೆ. 43 ಇಂಚಿನ ಟಿವಿಯನ್ನು ಹತ್ತಡಿ ದೂರದಿಂದ ನೋಡುವವರಿಗೆ ವ್ಯತ್ಯಾಸ ಅಷ್ಟೇನೂ ಕಾಣಲ್ಲ. ಅಪ್ಪನಿಗೆ ಹೇಳದೆ ಇಳಿಸಿದ್ದೇನೆ, ಇವತ್ತಿಗೂ ಗೊತ್ತಿಲ್ಲ.

6. ರೂಟರೇ ಮಂಕಾಗಿ ಕೂತರೆ

ಕೆಲವರ ಮನೆಯಲ್ಲಿ ನಿಧಾನ ಆಗುವುದಲ್ಲ, ರೂಟರ್ ಪೂರ್ತಿ ಸ್ತಬ್ಧ. ಆಫ್ ಮಾಡಿ ಆನ್ ಮಾಡುವವರೆಗೆ ಯಾರಿಗೂ ನೆಟ್ ಇಲ್ಲ. ಇದಕ್ಕೆ ಒಂದು ಹಳೆಯ ಪ್ರಸಿದ್ಧ ಪ್ರಕರಣ ಇದೆ. 2018ರ ಜನವರಿಯಲ್ಲಿ ಕ್ರೋಮ್‌ಕಾಸ್ಟ್, ಗೂಗಲ್ ಹೋಮ್ (ಮಾತಿಗೆ ಉತ್ತರಿಸುವ ಸ್ಪೀಕರ್) ಇದ್ದ ಮನೆಗಳಲ್ಲಿ ರೂಟರ್‌ಗಳು ಹೀಗೇ ಬೀಳತೊಡಗಿದವು. ಫೋನಿನಿಂದ ಟಿವಿಗೆ ವಿಡಿಯೋ ಕಳಿಸುವ ಕಾಸ್ಟ್ ಸೌಲಭ್ಯ 'ಯಾರಿದ್ದೀರಿ' ಅಂತ 20 ಸೆಕೆಂಡಿಗೊಮ್ಮೆ ಒಂದು ಸಣ್ಣ ಸಂದೇಶ ಕಳಿಸಬೇಕಿತ್ತು. ಸಾಧನ ನಿದ್ದೆಯಿಂದ ಎದ್ದಾಗ, ನಿದ್ದೆಯ ಹೊತ್ತಿನಲ್ಲಿ ಬಾಕಿ ಉಳಿದದ್ದನ್ನೆಲ್ಲ ಒಟ್ಟಿಗೆ ಸುರಿಯುತ್ತಿತ್ತು. ಕೆಲವು ಸಲ ಒಂದು ಲಕ್ಷಕ್ಕೂ ಜಾಸ್ತಿ ಸಂದೇಶ ಅಂತ ರೂಟರ್ ಕಂಪನಿ ಟಿಪಿ-ಲಿಂಕ್ ಹೇಳಿತು. ಪಾಪ ರೂಟರ್ ಏನು ಮಾಡೀತು! ಗೂಗಲ್ ಕೆಲವೇ ದಿನಗಳಲ್ಲಿ ಆಂಡ್ರಾಯ್ಡ್ ಫೋನಿನೊಳಗಿನ ತನ್ನ ಪ್ಲೇ ಸರ್ವಿಸಸ್ ತಂತ್ರಾಂಶದ ಮೂಲಕ ಸರಿಪಡಿಸಿತು.

ಆ ದೋಷ ಈಗಿಲ್ಲ, ಆದರೆ ಅದರಿಂದ ಹುಡುಕುವ ದಾರಿ ಸಿಗುತ್ತದೆ. ರೂಟರ್ ಬೀಳುವುದು ಟಿವಿ ಆನ್ ಮಾಡಿದ ತಕ್ಷಣವಾ, ಫೋನ್ ಎತ್ತಿಕೊಂಡ ತಕ್ಷಣವಾ ಅಂತ ಗಮನಿಸಿ. ಹಾಗಿದ್ದರೆ ರೂಟರ್ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ), ಸ್ಟಿಕ್‌ನ ಸಾಫ್ಟ್‌ವೇರ್, ಫೋನು ಮೂರನ್ನೂ ಅಪ್‌ಡೇಟ್ ಮಾಡಿ.

ಟಿವಿ ಬಂದಾಗ ಯಾವುದೋ ಒಂದೇ ಫೋನು ಮಾತ್ರ ಹೊರಬೀಳುತ್ತಿದ್ದರೆ ಇಬ್ಬರಿಗೂ ಒಂದೇ ಐಪಿ ವಿಳಾಸ (ಮನೆಯ ನೆಟ್‌ವರ್ಕ್‌ನಲ್ಲಿ ಸಾಧನದ ನಂಬರು) ಸಿಕ್ಕಿರಬಹುದು. ಸ್ಟಿಕ್‌ನಲ್ಲಿ ಯಾರೋ ಕೈಯಿಂದ ವಿಳಾಸ ತುಂಬಿರುತ್ತಾರೆ. ಅದನ್ನು ಆಟೋಗೆ ತನ್ನಿ. ಹಳೇ ಸ್ಟಿಕ್ ಹೊಸ ರೂಟರ್‌ಗೆ ಸೇರಲೇ ಒಪ್ಪದಿದ್ದರೆ ರೂಟರ್‌ನ ಸೆಕ್ಯೂರಿಟಿ (ವೈಫೈ ಬೀಗದ ಬಗೆ) ಡಬ್ಲ್ಯುಪಿಎ3 ಮಾತ್ರ ಇದೆಯಾ ನೋಡಿ, ಡಬ್ಲ್ಯುಪಿಎ2 ಜೊತೆಗಿರುವ ಆಯ್ಕೆ ಹಾಕಿ.

7. 'ಎಲ್ಲ ಫ್ರೀ' ಅನ್ನುವ ಡಬ್ಬಿ

ಚಿಕ್ಕಮಗಳೂರಿನ ಗೆಳೆಯನ ಮನೆಯ ಕಥೆ ಬೇರೆಯೇ. ಅವನದ್ದು ಸ್ಟಿಕ್ ಅಲ್ಲ, ಹೆಸರಿಲ್ಲದ ಒಂದು ಆಂಡ್ರಾಯ್ಡ್ ಬಾಕ್ಸು. ಎಲ್ಲ ಚಾನೆಲ್, ಎಲ್ಲ ಸಿನಿಮಾ ಫ್ರೀ ಅಂತ ಯಾರೋ ಕೊಡಿಸಿದ್ದರು. ಟಿವಿ ಆರಿಸಿ ಮಲಗಿದ ಮೇಲೂ ರೂಟರ್‌ನ ದೀಪ ಪಟಪಟ ಅನ್ನುತ್ತಿತ್ತು. ರೂಟರ್ ಪುಟದಲ್ಲಿ ನೋಡಿದರೆ ಆ ಬಾಕ್ಸಿನಿಂದ ಡೌನ್‌ಲೋಡ್‌ಗಿಂತ ಅಪ್‌ಲೋಡ್ ಜಾಸ್ತಿ. ಸಿನಿಮಾ ನೋಡುವ ಡಬ್ಬಿ ಹೊರಗೆ ಕಳಿಸುವುದು ಏನನ್ನು?

ಇದು ಸುಮ್ನೆ ಅನುಮಾನ ಅಲ್ಲ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ 'ಬ್ಯಾಡ್‌ಬಾಕ್ಸ್ 2.0' ಬಗ್ಗೆ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಅಗ್ಗದ ಸ್ಟ್ರೀಮಿಂಗ್ ಬಾಕ್ಸ್‌ಗಳಲ್ಲಿ ಕೊಳ್ಳುವ ಮುಂಚೆಯೇ, ಇಲ್ಲವೇ ಮೊದಲ ಸಲ ಸೆಟಪ್ ಮಾಡುವಾಗ ಕಳ್ಳ ತಂತ್ರಾಂಶ ಸೇರಿಕೊಳ್ಳುತ್ತದೆ. ಆಮೇಲೆ ನಿಮ್ಮ ಮನೆಯ ಇಂಟರ್ನೆಟ್ಟನ್ನು ಬೇರೆ ಯಾರೋ ತಮ್ಮ ಕೆಟ್ಟ ಕೆಲಸಕ್ಕೆ ಬಳಸುತ್ತಾರೆ. ವಿಳಾಸ ನಿಮ್ಮದು, ಕೆಲಸ ಅವರದ್ದು.

ಬಾಕ್ಸಿನ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ಲೇ ಪ್ರೊಟೆಕ್ಟ್ (ಗೂಗಲ್‌ನ ಸುರಕ್ಷತಾ ವ್ಯವಸ್ಥೆ) ಸರ್ಟಿಫೈಡ್ ಅಂತ ಇದೆಯಾ ನೋಡಿ. ಪ್ಲೇ ಸ್ಟೋರೇ ಇಲ್ಲ, ಇನ್ಯಾವುದೋ ಅಂಗಡಿಯಿಂದ ಆ್ಯಪ್ ಇಳಿಸಲು ಹೇಳುತ್ತದೆ, ಪ್ಲೇ ಪ್ರೊಟೆಕ್ಟ್ ಆಫ್ ಮಾಡು ಅನ್ನುತ್ತದೆ ಅಂದರೆ ಕಿತ್ತು ಬಿಸಾಡಿ. ಫ್ಯಾಕ್ಟರಿ ರೀಸೆಟ್ ಮಾಡಿದರೂ ಪ್ರಯೋಜನ ಇಲ್ಲ. ಕಳ್ಳ ಇರುವುದು ಅಡಿಪಾಯದಲ್ಲೇ. ಗೆಳೆಯನಿಗೆ ಎರಡು ಸಾವಿರ ಹೋಯಿತಲ್ಲ ಅಂತ ಹೊಟ್ಟೆ ಉರಿಯಿತು. ಬಾಕ್ಸ್ ತೆಗೆದ ರಾತ್ರಿಯಿಂದ ಅವನ ವೈಫೈ ಸರಿಯಾಗಿದೆ.

8. ರೀಸೆಟ್ ಕೊನೆಗೆ

ಏನೇ ಆದರೂ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ ಅನ್ನುವ ಬುದ್ಧಿವಂತರು ಎಲ್ಲ ಕಡೆ ಇರುತ್ತಾರೆ. 2025ರ ಮಾರ್ಚ್‌ನಲ್ಲಿ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಎಲ್ಲ ಕಡೆ ಒಮ್ಮೆಗೇ ನಿಂತುಹೋದವು. ಒಳಗಿನ ಒಂದು ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಅಷ್ಟೇ. ಸುಮ್ಮನಿದ್ದವರಿಗೆ ಕೆಲವು ದಿನದಲ್ಲಿ ತಾನಾಗಿಯೇ ಸರಿಹೋಯಿತು. ಗಾಬರಿಯಲ್ಲಿ ರೀಸೆಟ್ ಮಾಡಿದವರಿಗೆ ಮತ್ತೆ ಸೆಟಪ್ ಮಾಡಲೂ ಆಗದೆ ಇನ್ನಷ್ಟು ದಿನ ಕಾಯಬೇಕಾಯಿತು. ಮೊದಲು ರೀಸ್ಟಾರ್ಟ್, ಆಮೇಲೆ ವೈಫೈ ಮರೆಸಿ ಮತ್ತೆ ಸೇರಿಸುವುದು, ಆಮೇಲೆ ಅಪ್‌ಡೇಟ್. ರೀಸೆಟ್ ಎಲ್ಲ ಮುಗಿದ ಮೇಲೆ.

ಇಷ್ಟು ಮಾಡಿದ ಮೇಲೂ ಸರಿಹೋಗದಿದ್ದರೆ ಆಗ ಇಂಟರ್ನೆಟ್‌ನವರಿಗೆ ಫೋನ್ ಮಾಡಿ. 'ನೆಟ್ ಸ್ಲೋ ಇದೆ' ಅನ್ನಬೇಡಿ, ಅದಕ್ಕೆ 'ಆಫ್ ಆನ್ ಮಾಡಿ ಸಾರ್' ಅನ್ನುವುದೇ ಉತ್ತರ. ಕ್ಯಾಲೆಂಡರ್ ಹಿಂದೆ ಬರೆದದ್ದನ್ನು ಓದಿ ಹೇಳಿ: ಟಿವಿ ಪೂರ್ತಿ ಆಫ್ ಇದ್ದಾಗ, ರಾತ್ರಿ ಎಂಟೂವರೆಗೆ, ರೂಟರ್‌ಗೆ ವೈರ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ ಇಷ್ಟು ಡೌನ್‌ಲೋಡ್, ಇಷ್ಟು ಅಪ್‌ಲೋಡ್, ಇಷ್ಟು ಪಿಂಗ್. ಬರುವುದಾದರೆ ಆ ಹೊತ್ತಿಗೇ ಬನ್ನಿ ಅಂತಲೂ ಹೇಳಿ.

ಅಂದ ಹಾಗೆ, ಗುಡುಗು ಬಂದಾಗ ಅಮ್ಮ ಈಗ ಈಥರ್ನೆಟ್ ವೈರನ್ನೂ ಕೀಳುತ್ತಾರೆ. ಅದು ಸರಿಯೇ. ತಾಮ್ರದ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆಯೋ ಸಿಡಿಲಿನ ಪೆಟ್ಟು ಅಲ್ಲಿಗೆಲ್ಲ ಹೋಗಬಹುದು, ರೂಟರ್‌ನ ಪವರ್ ಪ್ಲಗ್ಗನ್ನೂ ತೆಗೆಯುವುದು ಒಳ್ಳೆಯದು. ಮತ್ತೆ ಹಾಕುವಾಗ ಮಾತ್ರ 'ಟಕ್' ಅಂತ ಸದ್ದು ಬರುವವರೆಗೆ ಒತ್ತಿ. ಹೋದ ವಾರ ಟಿವಿ ಬರುತ್ತಿಲ್ಲ ಅಂತ ಅಪ್ಪ ಫೋನ್ ಮಾಡಿದ್ದರು, ವೈರ್ ಅರ್ಧ ಹೊರಗಿತ್ತು.